ರಾಟಿ ನಿಂತಾಗಲೆಲ್ಲ

2022ರ ಆಗಸ್ಟ್ 1ರಂದು ನಾನು ಫೋನ್ ಬಿಟ್ಟೆ. ತಾರೀಖು ನೆನಪಿರುವುದಕ್ಕೆ ಕಾರಣವಿದೆ. ಅದು ನಮ್ಮ ಇಳಕಲ್ಲಿನ ಮಠದ ಸ್ವಾಮಿಗಳಾದ ಮಹಾಂತ ಅಪ್ಪಗಳು ಹುಟ್ಟಿದ ದಿನ, ವ್ಯಸನಮುಕ್ತ ದಿನ. ಅಪ್ಪಗಳು ಹೆಗಲಿಗೆ ಜೋಳಿಗೆ ಹಾಕಿಕೊಂಡು ಓಣಿ ಓಣಿ ತಿರುಗುತ್ತಿದ್ದರು. ಕಾಳು ಬೇಡುತ್ತಿರಲಿಲ್ಲ, ರೊಕ್ಕ ಬೇಡುತ್ತಿರಲಿಲ್ಲ. ಜನರ ಚಟಗಳನ್ನು ಬೇಡುತ್ತಿದ್ದರು. ನಮ್ಮ ದೊಡ್ಡಪ್ಪ ಬೀಡಿ ಕಟ್ಟನ್ನು ಆ ಜೋಳಿಗೆಗೆ ಹಾಕಿದ್ದನ್ನು ಚಿಕ್ಕವನಿದ್ದಾಗ ನಾನೇ ನೋಡಿದ್ದೇನೆ. ಸಾಯುವ ತನಕ ಅವನು ಮತ್ತೆ ಸೇದಲಿಲ್ಲ. ಅಪ್ಪಗಳು 2018ರಲ್ಲಿ ಲಿಂಗೈಕ್ಯರಾದರು. ನಾನು ಮಠಕ್ಕೆ ಹೋಗಿ ಗದ್ದುಗೆಗೆ ಕೈಮುಗಿದು ಬಂದೆ. ಸಿಮ್ ತೆಗೆದು ಗುಂಡಿ-ಸೂಜಿ ಇಡುವ ತಗಡಿನ ಡಬ್ಬಿಗೆ ಹಾಕಿ, ಫೋನನ್ನು ಮಗಳ ಕೈಗೆ ಕೊಟ್ಟೆ. ಅವಳು ಅದೇ ವರ್ಷ ಧಾರವಾಡಕ್ಕೆ ಓದಲು ಹೊರಟಿದ್ದಳು.

ನಾನು ನೇಕಾರ. ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ಕೂತು ಇಳಕಲ್ ಸೀರೆ ನೇಯುತ್ತೇನೆ. ಸಾಹುಕಾರರು ನೂಲು ಕೊಡುತ್ತಾರೆ, ಸೀರೆಗೆ ಇಷ್ಟು ಎಂದು ಮಜೂರಿ ಕೊಡುತ್ತಾರೆ. ಈ ಸೀರೆಯ ಮೈಗೆ ಹಾಸು, ಅಂದರೆ ಉದ್ದದ ಎಳೆ, ಬೇರೆ, ಸೆರಗಿಗೆ ಬೇರೆ. ನಾನು ನೇಯುವುದರಲ್ಲಿ ಮೈಗೆ ಹತ್ತಿ, ಸೆರಗಿಗೆ ಕೆಂಪು ರೇಷ್ಮೆ. ಎರಡು ಹಾಸುಗಳನ್ನು ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸಬೇಕು. ಹೆಬ್ಬೆರಳು, ತೋರುಬೆರಳಿನ ನಡುವೆ ಒಂದೊಂದೇ ಎಳೆ ಹೊಸೆಯುತ್ತ ಹೋದರೆ ಹೊತ್ತು ಹೋದದ್ದು ತಿಳಿಯುವುದಿಲ್ಲ. ಇನ್ನು ಟೋಪ ತೆನಿ ಸೆರಗಿನಲ್ಲಿ ಮೂರು ಕೆಂಪು ಪಟ್ಟೆ, ಅವುಗಳ ನಡುವೆ ಎರಡು ಬಿಳಿ. ಕೆಂಪು ಬಿಳಿ ಕೂಡುವಲ್ಲಿ ಕೋಟೆಯ ತೆನೆ, ಹಣಿಗೆಯ ಹಲ್ಲು, ಜೋಳದ ತೆನೆ. ಎಳೆ ಎಣಿಸುವಾಗ ಒಂದು ತಪ್ಪಿದರೂ ಹಣಿಗೆಯ ಹಲ್ಲು ಮುರಿದ ಹಾಗೆ ಕಾಣುತ್ತದೆ.

ದೊಡ್ಡ ಫೋನ್ ನಮ್ಮ ಮನೆಗೆ ಬಂದದ್ದು 2020ರ ಲಾಕ್‌ಡೌನ್‌ನಲ್ಲಿ. ಮಗಳ ಆನ್‌ಲೈನ್ ಪಾಠಕ್ಕೆಂದು ಒಂದು ತಂದೆವು, ವರ್ಷದೊಳಗೆ ಇನ್ನೊಂದು ಬಂತು. ನೂಲು ಬರುತ್ತಿರಲಿಲ್ಲ, ನೇಯ್ದ ಸೀರೆಗಳು ಸಾಹುಕಾರರ ಅಂಗಡಿಯಲ್ಲೇ ಗಂಟು ಕಟ್ಟಿಕೊಂಡು ಕೂತಿದ್ದವು. ಖಾಲಿ ಮಗ್ಗದ ಮುಂದೆ ಕೂತವನಿಗೆ ಫೋನ್ ಒಂದು ಆಸರೆಯಾಯಿತು. ಆಮೇಲೆ ಮಗ್ಗ ಚಾಲೂ ಆದರೂ ಅದು ಕೈ ಬಿಡಲಿಲ್ಲ. ರಾತ್ರಿ ಒಂದಾದರೂ ವಿಡಿಯೋ, ಬೆಳಿಗ್ಗೆ ಕಣ್ಣು ಉರಿ. 2022ರ ಜುಲೈನಲ್ಲಿ ಒಂದು ಸೆರಗಿನ ಅಂಚಿಗೆ ಹಣಿಗೆಯ ಹಲ್ಲಿನ ಚಿತ್ತಾರ ಎತ್ತುತ್ತಿದ್ದೆ. ಫೋನ್ ಟಿಣ್ ಅಂದಿತು, ನೋಡಿದೆ, ತಿರುಗಿ ಎಣಿಕೆಗೆ ಬಂದೆ. ಸೀರೆ ಮುಗಿದು ಬಿಚ್ಚಿ ಹರಡಿದಾಗ ನಟ್ಟನಡುವೆ ತಪ್ಪು ಎದ್ದು ಕಾಣುತ್ತಿತ್ತು. ಸಾಹುಕಾರರು ಮಜೂರಿ ಮುರಿಯಲಿಲ್ಲ. ಸೀರೆಯನ್ನು ಮಡಚಿ ಬದಿಗಿಟ್ಟು, "ನಿಮ್ಮಪ್ಪಗ ಹಿಂಗ ಎಂದೂ ಆಗಿರಲಿಲ್ಲ ನೋಡಪಾ" ಅಂದರು. ಮಜೂರಿ ಮುರಿದಿದ್ದರೆ ಸಹಿಸಿಕೊಳ್ಳುತ್ತಿದ್ದೆ.

ಹೀಗೆ ಬಿಟ್ಟದ್ದು.

ಮೊದಲ ತಿಂಗಳು ಕೈ ಸುಮ್ಮನಿರಲಿಲ್ಲ. ಲಾಳಿ ಬಿಟ್ಟಾಗಲೆಲ್ಲ ಬಲಗೈ ತಾನಾಗಿ ಮಗ್ಗದ ಬದಿಯ ಗೂಡಿನ ಕಡೆ ಹೋಗುತ್ತಿತ್ತು. ಎರಡನೆಯ ತಿಂಗಳಿಗೆ ಕಿವಿ ತೆರೆಯಿತು. ಓಣಿಯಲ್ಲಿ ಯಾರ ಮಗ್ಗ ನಡೆಯುತ್ತಿದೆ, ಯಾರದು ನಿಂತಿದೆ ಎಂದು ಕೂತಲ್ಲೇ ಹೇಳುವಷ್ಟು. ನನ್ನ ಬೆನ್ನ ಹಿಂದೆ ಪಡಸಾಲೆಯಲ್ಲಿ ಮನೆಯಾಕೆ ಲಾಳಿಗೆ ಹಾಕುವ ನೂಲಿನ ಕಂಡಿಕೆ ಸುತ್ತುತ್ತಾಳೆ. ಅವಳ ರಾಟಿಯ ಗುಂಯ್ ಎನ್ನುವ ದನಿ ಮದುವೆಯಾದ ಹೊಸದರಲ್ಲಿ ಕೇಳಿದ ಹಾಗೆ ಮತ್ತೆ ಕೇಳಿಸತೊಡಗಿತು. ವಾರಕ್ಕೆ ಒಂದು ಸೀರೆ ಇಳಿಯತೊಡಗಿತು. ಹತ್ತಿಪ್ಪತ್ತು ಫೋನ್ ನಂಬರುಗಳನ್ನು ಬಾಯಿಪಾಠ ಮಾಡಿಕೊಂಡೆ. ಮಗಳಿಗೆ ಪೋಸ್ಟ್ ಕಾರ್ಡ್ ಬರೆದೆ. ಐವತ್ತು ಪೈಸೆಯ ಕಾರ್ಡು, ಐದು ರೂಪಾಯಿ ಕೊಟ್ಟರೆ ಹತ್ತು ಬರುತ್ತಿದ್ದವು. ಮಗ್ಗದ ಮೇಲೆ ಯಾವ ಬಣ್ಣ ಹತ್ತಿದೆ, ಅಜ್ಜಿಯ ಮೊಣಕಾಲು ಹೇಗಿದೆ, ಹಿತ್ತಲಿನ ಕರಿಬೇವು ಎಷ್ಟು ಎತ್ತರ ಆಗಿದೆ, ಇಂಥದ್ದೇ ಬರೆಯುತ್ತಿದ್ದೆ. ಫೋನಿನಲ್ಲಾದರೆ ಊಟ ಆಯಿತಾ, ರೊಕ್ಕ ಬೇಕಾ ಅಷ್ಟೇ ಆಗುತ್ತಿತ್ತು. ಕರಿಬೇವಿನ ಮಾತು ಬರುತ್ತಿರಲಿಲ್ಲ. ಅವಳು ಒಂದನ್ನೂ ಬಿಸಾಡದೆ ಟ್ರಂಕಿನಲ್ಲಿ ಇಟ್ಟುಕೊಂಡಿದ್ದಾಳೆ.

ಮಂದಿಗೆ ಮಾತ್ರ ಇದು ತಿಳಿಯಲಿಲ್ಲ. ಸಾಲ ಕೊಟ್ಟವರಿಗೆ ಅಂಜಿ ನಂಬರ್ ಬಂದ್ ಮಾಡ್ಯಾನ ಎಂದು ಕೆಲವರು ಆಡಿಕೊಂಡರು. ಒಮ್ಮೆ ಬಾಗಲಕೋಟೆಯಿಂದ ಬರುವಾಗ ಅಮೀನಗಡದ ಹತ್ತಿರ ಬಸ್ ಕೆಟ್ಟು ಎರಡು ತಾಸು ನಿಂತೆವು. ಮನೆಗೆ ಒಂದು ಮಾತು ತಿಳಿಸಬೇಕಿತ್ತು. ಪಕ್ಕದ ಹುಡುಗನ ಫೋನ್ ಕೇಳಿದೆ. ಪಾಪ, ಕೊಟ್ಟ. ಆದರೆ ನಾನು ಮಾತಾಡಿ ಮುಗಿಸುವ ತನಕ ಅವನ ಕಣ್ಣು ನನ್ನ ಕೈ ಮೇಲೇ ಇತ್ತು. ಅವನದೂ ತಪ್ಪಲ್ಲ. ಈಗಿನ ಫೋನಿನಲ್ಲಿ ಬ್ಯಾಂಕು, ಫೋಟೋ, ಮನೆಮಂದಿ ಎಲ್ಲ ಇರುತ್ತಾರೆ. ನಮ್ಮ ಹರೆಯದಲ್ಲಿ ಬಸ್ ಸ್ಟ್ಯಾಂಡ್ ಎದುರು ಹಳದಿ ಬೋರ್ಡಿನ ಎಸ್‌ಟಿಡಿ ಬೂತ್ ಇತ್ತು, ಕಿರಾಣಿ ಅಂಗಡಿಗಳ ಕಟ್ಟೆಯ ಮೇಲೆ ಒಂದು ರೂಪಾಯಿ ನಾಣ್ಯ ಹಾಕುವ ಕೆಂಪು ಡಬ್ಬಿ ಇತ್ತು. ಮನೆಯಲ್ಲಿ ಫೋನ್ ಇಲ್ಲದವನಿಗೂ ಊರಲ್ಲಿ ಫೋನ್ ಇತ್ತು. ರೊಕ್ಕ ಕೊಟ್ಟು ಮಾತಾಡುತ್ತಿದ್ದೆವು, ಯಾರ ಹಂಗೂ ಇರಲಿಲ್ಲ. ಆ ಬೂತ್ ಇದ್ದ ಜಾಗದಲ್ಲಿ ಈಗ ಮೊಬೈಲ್ ಕವರ್ ಮಾರುತ್ತಾರೆ. ಇವತ್ತು ಫೋನ್ ಇಲ್ಲದವನು ಇನ್ನೊಬ್ಬರ ಸ್ವಂತದ ಫೋನಿಗೇ ಕೈಚಾಚಬೇಕು. ಇದು ನನಗೆ ಪೂರ್ತಿ ಅರ್ಥವಾಗಲು ಇನ್ನೂ ಎರಡು ವರ್ಷ ಬೇಕಾಯಿತು.

2025ರ ಜನವರಿ. ಕೈಮಗ್ಗದ ನೇಕಾರರಿಗೆ ಸರ್ಕಾರ ನೇಕಾರ ಸಮ್ಮಾನ್ ಯೋಜನೆಯಲ್ಲಿ ವರ್ಷಕ್ಕೆ 5,000 ರೂಪಾಯಿ ಕೊಡುತ್ತದೆ. ಓಣಿಯವರಿಗೆಲ್ಲ ಬಂತು, ನನಗೆ ಬರಲಿಲ್ಲ. ಬ್ಯಾಂಕಿಗೆ ಹೋದರೆ ಕೆವೈಸಿ ಹಳೆಯದಾಗಿದೆ, ಆಧಾರ್ ಜೋಡಣೆ ಮತ್ತೆ ಮಾಡಿಸಬೇಕು ಎಂದರು. ಆನ್‌ಲೈನ್ ಸೆಂಟರಿಗೆ ಹೋದೆ. ಅಲ್ಲಿಯ ಹುಡುಗ ಕಂಪ್ಯೂಟರ್‌ನಲ್ಲಿ ನನ್ನ ಆಧಾರ್ ನಂಬರ್ ಹೊಡೆದು, "ಕಾಕಾ, ಓಟಿಪಿ ಹೋಗೇತಿ. ನೋಡಿ ಹೇಳ್ರಿ" ಅಂದ.

"ನನ್ನ ಹತ್ರ ಫೋನ್ ಇಲ್ಲಪಾ."

"ಆಧಾರಕ್ಕ ಲಿಂಕ್ ಇದ್ದ ನಂಬರ್ ಯಾರ ಹತ್ರ ಐತ್ರಿ ಮತ್ತ?"

ನನ್ನ ಸಿಮ್ ಡಬ್ಬಿಯಲ್ಲಿದೆ ಎಂದೆ. ಅವನು ತಲೆ ಅಲ್ಲಾಡಿಸಿದ. ಪ್ರೀಪೇಯ್ಡ್ ಸಿಮ್ಮನ್ನು 90 ದಿನ ಬಳಸದೆ ಬಿಟ್ಟರೆ ಕಂಪನಿ ಅದನ್ನು ಬಂದ್ ಮಾಡಬಹುದು. ಬಂದ್ ಆದ ನಂಬರನ್ನು ಕನಿಷ್ಠ 90 ದಿನ ಖಾಲಿ ಇಟ್ಟು ಬೇರೆಯವರಿಗೆ ಕೊಡುತ್ತಾರೆ. ಅಂದರೆ 2023ರಿಂದಲೇ ನನ್ನ ನಂಬರು ನನ್ನದಾಗಿರಲಿಲ್ಲ. ಬ್ಯಾಂಕಿನಲ್ಲಿ, ಆಧಾರಿನಲ್ಲಿ ಮಾತ್ರ ಅದು ಇನ್ನೂ ನಾನೇ. ಫೋನ್ ಬಿಡುವವರು ಯಾರಾದರೂ ಇದನ್ನು ಓದುತ್ತಿದ್ದರೆ ದಯವಿಟ್ಟು ನನ್ನ ಹಾಗೆ ಮಾಡಬೇಡಿ. ಮೊದಲು ಬ್ಯಾಂಕು, ಆಧಾರ್, ಗ್ಯಾಸ್ ಎಲ್ಲ ಕಡೆ ನಂಬರ್ ಬದಲಿಸಿ, ಆಮೇಲೆ ಸಿಮ್ ತೆಗೆಯಿರಿ. ಗ್ಯಾಸ್ ಏಜೆನ್ಸಿಯಲ್ಲಿ ಮಾತ್ರ ನಾನು ಮನೆಯಾಕೆಯ ನಂಬರ್ ಬರೆಸಿದ್ದೆ, ಸಿಲಿಂಡರ್ ತರುವವರು ಕೋಡ್ ಕೇಳುತ್ತಿದ್ದರಿಂದ. ಉಳಿದದ್ದು ಹಾಗೇ ಬಿಟ್ಟಿದ್ದೆ.

ಮನೆಗೆ ಬಂದು ಅವಳ ಫೋನಿನಿಂದ ನನ್ನ ನಂಬರಿಗೆ ನಾನೇ ಫೋನ್ ಮಾಡಿದೆ. ಎತ್ತಿದವನು ಸಿಂಧನೂರಿನ ಕಡೆಯ ಹುಡುಗ, ಅಕ್ಕಿ ಗಿರಣಿಯಲ್ಲಿ ಕೆಲಸ. ನನ್ನ ಹೆಸರು ಹೇಳಿದೆ. "ಅಯ್ಯ ಕಾಕಾರ, ನೀವೇನ್ರೀ? ಎರಡು ವರ್ಷದಿಂದ ನಿಮ್ಮ ಬ್ಯಾಂಕಿನ ಮೆಸೇಜ್ ನನಗ ಬರಾಕತ್ಯಾವ" ಅಂದ. ನನ್ನ ಖಾತೆಗೆ ಯಾವಾಗ ಎಷ್ಟು ಬಂತು, ಎಷ್ಟು ಉಳಿಯಿತು ಎಲ್ಲ ಅವನಿಗೆ ಗೊತ್ತಿತ್ತು. ಮೈ ಜುಮ್ಮೆಂದಿತು. ಆದರೆ ಅವನ ದನಿಯಲ್ಲಿ ಕೆಡುಕು ಇರಲಿಲ್ಲ. ನಿಮ್ಮವರ ಫೋನ್ ಮೊದಲಿಗೆ ಬಹಳ ಬರುತ್ತಿದ್ದವು, ರಾಂಗ್ ನಂಬರ್ ಎಂದು ಹೇಳಿ ಹೇಳಿ ಸಾಕಾಗಿತ್ತು ಎಂದ. ಒಂದಿಷ್ಟು ಸುಮ್ಮನಿದ್ದು, "ಗುಳೇದಗುಡ್ಡದಿಂದ ಒಬ್ಬರು ಅಳಕೋತ ಮಾಡಿದ್ರು. ಅವರಪ್ಪ ತೀರಿಕೊಂಡಿದ್ರಂತ. ನಾ ನೀವಲ್ಲ ಅಂತ ಹೇಳಿ ಇಟ್ಟೆ. ಅವತ್ತು ನನಗೂ ಊಟ ಸೇರಲಿಲ್ಲರಿ" ಅಂದ.

ಹಾಗೆ ಅಳುತ್ತ ಫೋನ್ ಮಾಡಿದವನು ನನ್ನ ಗೆಳೆಯನ ಮಗ. ಗೆಳೆಯ ಗುಳೇದಗುಡ್ಡದಲ್ಲಿ ಖಣ ನೇಯುತ್ತಿದ್ದ, ಇಪ್ಪತ್ತೈದು ವರ್ಷದ ಒಡನಾಟ. ಅವನು ಹೋದ ಸುದ್ದಿ ನನಗೆ ಹನ್ನೆರಡು ದಿನ ಕಳೆದ ಮೇಲೆ ಸಂತೆಯಲ್ಲಿ ಸಿಕ್ಕಿತ್ತು. ನನಗೇಕೆ ತಿಳಿಸಲಿಲ್ಲ ಎಂದು ಆ ಹುಡುಗನ ಮೇಲೆ ಮನಸ್ಸಿನೊಳಗೆ ಸಿಟ್ಟು ಇಟ್ಟುಕೊಂಡೇ ಇದ್ದೆ. ಅವನು ತಿಳಿಸಿದ್ದ. ನಾನಿದ್ದೇನೆ ಎಂದು ಅವನಿಗೆ ಗೊತ್ತಿದ್ದ ಜಾಗದಲ್ಲಿ ನಾನಿರಲಿಲ್ಲ. ಗೆಳೆಯನ ಮಣ್ಣಿಗೆ ಹೋಗದವನಾದೆ.

ಮರುದಿನ ಸೆಂಟರಿನ ಹುಡುಗ ಒಂದು ಉಪಾಯ ಹೇಳಿದ: ನಾನು ಇಲ್ಲಿಂದ ಓಟಿಪಿ ಕಳಿಸುತ್ತೇನೆ, ಅವನಿಗೆ ಫೋನ್ ಹಚ್ಚಿ ಕೇಳಿ. ಹಚ್ಚಿದೆ. ಸಿಂಧನೂರಿನವನು, "ಕಾಕಾರ, ಬಂದೈತಿ. ಆದರ ಓಟಿಪಿ ಯಾರಿಗೂ ಹೇಳಬ್ಯಾಡ ಅಂತ ಅದರಾಗ ಬರದೈತಿ. ನೀವು ಖರೇನ ಅವರೋ ಅಲ್ಲೋ ನನಗೇನ್ ಗೊತ್ತ್ರಿ?" ಅಂದ. ಅವನು ಮಾಡಿದ್ದು ಸರಿ. ಯಾರದೋ ರೊಕ್ಕವನ್ನು ಎರಡು ವರ್ಷ ಮುಟ್ಟದೆ ಕಾದವನು ಆ ಹುಡುಗ. ಅವನ ಹತ್ತಿರ ನಾನು ನಾನೇ ಎಂದು ಸಾಬೀತು ಮಾಡಲು ನನ್ನ ಬಳಿ ಏನೂ ಇರಲಿಲ್ಲ.

ಇಷ್ಟಾದರೂ ಹೊಸ ಫೋನ್ ತೊಗೊಳ್ಳಲು ಮನಸ್ಸು ಒಪ್ಪಲಿಲ್ಲ. ಎಲ್ಲ ಕಡೆ ಮನೆಯಾಕೆಯ ನಂಬರನ್ನೇ ಕೊಟ್ಟುಬಿಡೋಣ ಎಂದುಕೊಂಡೆ. ಅವಳಿಗೂ ಹೇಳಿದೆ. ಆಗಲಿ ಎಂದಳು, ಮತ್ತೇನೂ ಅನ್ನಲಿಲ್ಲ.

ಮರುದಿನ ಮಗ್ಗದಲ್ಲಿದ್ದೆ. ಕೊಂಡಿ ಹಾಕುವ ಕೆಲಸ, ಮಗ್ಗ ಸಪ್ಪಳ ಮಾಡುವುದಿಲ್ಲ. ಹಿಂದೆ ರಾಟಿ ಗುಂಯ್ ಎನ್ನುತ್ತಿತ್ತು. ಫೋನ್ ಬಂತು, ರಾಟಿ ನಿಂತಿತು. ಸಾಹುಕಾರರು, ಹೊಸ ದಡಿಯ ಬಣ್ಣದ ಫೋಟೋ ಕಳಿಸಿದ್ದೇನೆ, ತೋರಿಸು ಅಂದರು. ಅವಳು ಎದ್ದು ಬಂದು ತೋರಿಸಿದಳು, ಹೋಗಿ ಕೂತಳು, ರಾಟಿ ನಡೆಯಿತು. ಮತ್ತೆ ಫೋನ್, ಮತ್ತೆ ನಿಂತಿತು. ನನ್ನ ಅಣ್ಣ, ಹೊಲದ ಉತಾರದ ವಿಷಯ. ಮತ್ತೆ ನಿಂತಿತು. ಸಂಘದವರು, ನಾಳೆ ಮೀಟಿಂಗಿಗೆ ಬರಲು ಹೇಳಿರಿ. ನನಗೆ ಅವತ್ತು ಯಾಕೋ ಎಣಿಸಬೇಕೆನ್ನಿಸಿತು. ಎಣಿಸುವುದೇ ನನ್ನ ಕಸುಬು. ಬೆಳಿಗ್ಗೆ ಒಂಬತ್ತರಿಂದ ಮಧ್ಯಾಹ್ನ ಒಂದರ ತನಕ ರಾಟಿ ಹನ್ನೊಂದು ಸಲ ನಿಂತಿತು. ಅವುಗಳಲ್ಲಿ ಎಂಟು ನನಗಾಗಿ. ನಡುವೆ ಎಳೆ ಕಡಿದು ಅವಳು ಗಂಟು ಹಾಕಿದ್ದು ಲೆಕ್ಕದಲ್ಲಿಲ್ಲ.

ಎರಡೂವರೆ ವರ್ಷ ಆ ರಾಟಿಯ ದನಿ ಕೇಳಿ ಸುಖಪಟ್ಟಿದ್ದೆ. ಅದು ನಿಲ್ಲುವುದನ್ನು ಕೇಳಿಸಿಕೊಂಡಿರಲಿಲ್ಲ.

ಊಟಕ್ಕೆ ಕೂತಾಗ ಕೇಳಿದೆ, ನಿನಗೆ ತ್ರಾಸು ಆಗುತ್ತದೇನು ಎಂದು. ರೊಟ್ಟಿ ಹಾಕುತ್ತ ಹೇಳಿದಳು: "ನೀವು ಒಂದ ಫೋನ್ ಬಿಟ್ರಿ, ನನಗ ಎರಡ ಬಂದ್ವು. ನಿಮ್ಮ ಕೆಲಸ ಛಲೋ ನಡದೈತಿ ಅಂತ ಸುಮ್ಮನಿದ್ದೆ." ಸಿಟ್ಟಿನಿಂದ ಹೇಳಲಿಲ್ಲ. ಪಲ್ಯ ಇನ್ನೊಂದಿಷ್ಟು ಬೇಕಾ ಎಂದು ಕೇಳುವ ದನಿಯಲ್ಲೇ ಹೇಳಿದಳು. ನಾನು ಫೋನ್ ಇಲ್ಲದೆ ಬದುಕಿದೆ ಎಂದು ಊರಲ್ಲಿ ಹೇಳಿಕೊಂಡು ತಿರುಗಿದ್ದೆನಲ್ಲ, ಆ ಬದುಕು ನಡೆದದ್ದು ಅವಳ ಫೋನಿನ ಮೇಲೆ, ಅವಳ ಕಂಡಿಕೆಯ ಹೊತ್ತಿನ ಮೇಲೆ. ಮಜೂರಿ ಲೆಕ್ಕದಲ್ಲಿ ಅವಳ ಹೆಸರು ಮೊದಲೇ ಇರುವುದಿಲ್ಲ. ಅದರ ಮೇಲೆ ಇದೂ ಒಂದು. ಸಂಜೆಯೇ ಅಂಗಡಿಗೆ ಹೋದೆ.

ಕೀಪ್ಯಾಡ್ ಫೋನ್ ಸಾಕು ಎಂದು ನಿರ್ಧಾರ ಮಾಡಿಕೊಂಡಿದ್ದೆ. ಅಪ್ಪನ ಹಳೆಯ ಕೀಪ್ಯಾಡ್ ಮನೆಯಲ್ಲೇ ಇತ್ತು, ಒಯ್ದಿದ್ದೆ. ಅಂಗಡಿಯವರು ಅದನ್ನು ತಿರುಗಿಸಿ ನೋಡಿ, ಇದು 2ಜಿ, ಈ ಸಿಮ್ 4ಜಿ ಫೋನಿನಲ್ಲಿ ಮಾತ್ರ ನಡೆಯುತ್ತದೆ ಎಂದು ಮರಳಿ ಕೊಟ್ಟರು. 1,300 ರೂಪಾಯಿ ಕೊಟ್ಟು 4ಜಿ ಕೀಪ್ಯಾಡ್ ತೊಗೊಂಡೆ. ಸಿಮ್‌ಗೆ ಬೆರಳು ಒತ್ತಿರಿ ಎಂದರು. ಒತ್ತಿದೆ. ಕೆಂಪು ದೀಪ. ಇನ್ನೊಂದು ಬೆರಳು. ಕೆಂಪು. ಹತ್ತೂ ಬೆರಳು ಒತ್ತಿದ್ದಾಯಿತು. ಮೂವತ್ತು ವರ್ಷ ಕೊಂಡಿ ಹೊಸೆದ ಬೆರಳು. ಹೆಬ್ಬೆರಳಿನ ತುದಿ ನದಿಯ ಕಲ್ಲಿನಂತೆ ನುಣ್ಣಗಾಗಿದೆ. ಕಡೆಗೆ ಆಧಾರ್ ಕಾರ್ಡಿನ ಫೋಟೋ ಹೊಡೆದು, ಗೋಡೆಗೆ ನಿಲ್ಲಿಸಿ ನನ್ನ ಫೋಟೋ ಹೊಡೆದು, ಖಾತ್ರಿಗೆ ಇನ್ನೊಂದು ನಂಬರ್ ಕೇಳಿದರು. ಅದಕ್ಕೂ ಮನೆಯಾಕೆಯ ನಂಬರೇ. ಪಡಸಾಲೆಯಲ್ಲಿ ರಾಟಿ ಮತ್ತೊಮ್ಮೆ ನಿಂತಿರಬೇಕು.

ಆಧಾರಿನಲ್ಲಿ ನಂಬರ್ ಬದಲಿಸಲು ಕೇಂದ್ರಕ್ಕೆ ಹೋದೆ. ಬೇರೆ ಕಾಗದಪತ್ರ ಏನೂ ಬೇಡ, ಕಾರ್ಡ್ ಮತ್ತು ನಾವು ಇದ್ದರೆ ಸಾಕು, ಆಗ 50 ರೂಪಾಯಿ ಇತ್ತು. ಬೆಳಿಗ್ಗೆ ಎಂಟಕ್ಕೆ ಪಾಳಿ ಹಚ್ಚಿದೆ, ನನ್ನ ಸರದಿ ಬಂದಾಗ ಒಂದೂವರೆ. ಮುಂದೆ ನಿಂತವರಲ್ಲಿ ಇಬ್ಬರು ಕಲ್ಲಿನ ಕ್ವಾರಿಯ ಕೆಲಸದವರು, ಇಳಕಲ್ಲಿನ ಕೆಂಪು ಗ್ರಾನೈಟ್ ಕಡಿಯುವ ಕೈಗಳು. ಅವರ ಬೆರಳೂ ಹತ್ತಲಿಲ್ಲ. ಹಸಿ ಬಟ್ಟೆಯಿಂದ ಒರೆಸಿ, ಒಣಗಿಸಿ, ಮತ್ತೆ ಒತ್ತಿ, ನಮ್ಮ ಮೂವರದೂ ಕಡೆಗೆ ಕಣ್ಣಿನ ಗುರುತು ಹಿಡಿದೇ ಕೆಲಸ ಮುಗಿಯಿತು. ಕುಳಿತ ಹೆಣ್ಣುಮಗಳು ಒಳ್ಳೆಯವಳು, ಒಬ್ಬರಿಗೂ ಬೇಸರ ಮಾಡಲಿಲ್ಲ. ಆದರೂ ಹೇಳಲೇಬೇಕು: ಕೈಯಿಂದ ದುಡಿದವನ ಕೈಯನ್ನೇ ಗುರುತು ಹಿಡಿಯದ ಯಂತ್ರದ ಮುಂದೆ ನಿಲ್ಲುವುದು ಬಹಳ ಸಂಕಟದ ಮಾತು. ಹೊಸ ನಂಬರ್ ಹತ್ತಲು ಒಂಬತ್ತು ದಿನ ಹಿಡಿಯಿತು. ಆಮೇಲೆ ಬ್ಯಾಂಕು, ಒಂದು ಫಾರ್ಮು, ಪಾಸ್‌ಬುಕ್ಕಿನ ಝೆರಾಕ್ಸ್, ನಾಲ್ಕು ದಿನ. ಸಮ್ಮಾನದ ರೊಕ್ಕ ಏಪ್ರಿಲ್‌ನಲ್ಲಿ ಬಂತು.

ಕೀಪ್ಯಾಡ್ ಕೆಲವು ವಾರ ನಡೆಯಿತು. ಅಣ್ಣ, ಸಂಘದವರು, ಬೀಗರು ಎಲ್ಲರೂ ನನಗೇ ಮಾಡತೊಡಗಿದರು. ಆದರೆ ಸಾಹುಕಾರರ ಫೋಟೋಗಳು ಅದಕ್ಕೆ ಬರುವುದಿಲ್ಲ. ದಡಿಯ ಬಣ್ಣವನ್ನು ಬಾಯಲ್ಲಿ ಹೇಳಿದರೆ ಆಗುವುದಿಲ್ಲ. ದಾಳಿಂಬೆ ಕೆಂಪು ಎಂದರೆ ಅವರ ಕಣ್ಣಿಗೆ ಒಂದು, ನನ್ನ ಕಣ್ಣಿಗೆ ಇನ್ನೊಂದು. ಮೊದಲಾದರೆ ನಾನೇ ಅಂಗಡಿಗೆ ಹೋಗಿ ನೂಲಿನ ಲಡಿ ಹಿಡಿದು ನೋಡುತ್ತಿದ್ದೆ. ಈಗ ಗಿರಾಕಿಗಳು ಬೆಂಗಳೂರು, ಪುಣೆಯಿಂದ ಫೋಟೋ ಕಳಿಸಿ ಇಂಥದ್ದೇ ಬೇಕು ಎನ್ನುತ್ತಾರೆ, ಅದು ಸಾಹುಕಾರರಿಂದ ಮನೆಯಾಕೆಗೆ, ಅವಳಿಂದ ನನಗೆ. ದಿನಕ್ಕೆ ಎಂಟು ಸಲ ಇದ್ದದ್ದು ಮೂರಕ್ಕೆ ಇಳಿದಿತ್ತು, ನಿಂತಿರಲಿಲ್ಲ. ಮಾರ್ಚ್ ಕೊನೆಗೆ 4,500ಕ್ಕೆ ಒಂದು ಸೆಕೆಂಡ್ ಹ್ಯಾಂಡ್ ದೊಡ್ಡ ಫೋನ್ ತಂದೆ. ಇದು ನನಗೆ ಬೇಡವಾಗಿತ್ತು. ಕೈಯಲ್ಲಿ ಹಿಡಿದಾಗ ಸಂತೋಷವೂ ಆಗಲಿಲ್ಲ, ಹೊಟ್ಟೆಯಲ್ಲಿ ಅಂಜಿಕೆ ಇತ್ತು. ಮೊದಲ ರಾತ್ರಿಯೇ ಹನ್ನೆರಡರ ತನಕ ನೋಡಿದೆ. ಎರಡನೆಯ ರಾತ್ರಿ ವಿಡಿಯೋದ ಆ್ಯಪ್‌ಗಳನ್ನು ಮಗಳಿಗೆ ಹೇಳಿ ತೆಗೆಸಿದೆ. ಯೂಟ್ಯೂಬ್ ಪೂರ್ತಿ ಹೋಗುವುದಿಲ್ಲವಂತೆ, ಕಣ್ಣಿಗೆ ಕಾಣದಂತೆ ಮಾಡಿ ಕೊಟ್ಟಿದ್ದಾಳೆ. ಇನ್ನೂ ಕೆಲವು ರಾತ್ರಿ ಕೈ ಅದನ್ನು ಹುಡುಕುತ್ತದೆ. ಅಪ್ಪಗಳಿಗೆ ಕೊಟ್ಟ ಮಾತು ಅರ್ಧ ಉಳಿಸಿಕೊಂಡಿದ್ದೇನೆ, ಅರ್ಧ ಮುರಿದಿದ್ದೇನೆ ಎಂದೇ ನನ್ನ ಲೆಕ್ಕ.

ಹೊಸ ನಂಬರ್ ಚಾಲೂ ಆದ ದಿನ ಮೊದಲು ಗುಳೇದಗುಡ್ಡಕ್ಕೆ ಮಾಡಿದ್ದೆ. ಗೆಳೆಯನ ಮಗನಿಗೆ ನಡೆದದ್ದೆಲ್ಲ ಹೇಳಿದೆ. ಅವನು ಬಹಳ ಹೊತ್ತು ಸುಮ್ಮನಿದ್ದು, "ನೀವು ಫೋನ್ ಎತ್ತಲಿಲ್ಲ ಅಂತ ಅವ್ವ ಇನ್ನೂ ಅಂತಿರತಾಳ್ರೀ ಕಾಕಾ. ಒಮ್ಮೆ ಬಂದ್ ಹೋಗ್ರಿ" ಅಂದ. ಹೋಗಿ ಬಂದೆ. ಸಿಂಧನೂರಿನವನಿಗೂ ಮಾಡಿ, ಇನ್ನು ನಿನಗೆ ನನ್ನ ಮೆಸೇಜ್ ಬರುವುದಿಲ್ಲಪ್ಪ ಎಂದು ತಿಳಿಸಿದೆ. ಅವನ ಮದುವೆ ಮೇ ತಿಂಗಳಲ್ಲಿತ್ತು. ಹೆಣ್ಣಿಗೆ ಒಂದು ಸೀರೆ ಬೇಕಿತ್ತಂತೆ, ಟೋಪ ತೆನಿ ಸೆರಗಿನದೇ. ಸಾಹುಕಾರರನ್ನು ಕೇಳಿ ಮಜೂರಿ ಬಿಟ್ಟು ನೂಲಿನ ದರಕ್ಕೆ ನೇಯ್ದು ಕಳಿಸಿದೆ. ಹಣಿಗೆ ಎತ್ತುವ ನಾಲ್ಕು ದಿನ ಫೋನನ್ನು ಗೋಡೆಯ ಗೂಡಿನಲ್ಲಿ ಇಟ್ಟಿದ್ದೆ. ಬಂದರೆ ಮಗ್ಗ ನಿಲ್ಲಿಸಿ, ಕುಣಿಯಿಂದ ಎದ್ದು, ಮೂರು ಹೆಜ್ಜೆ ನಡೆದು ನಾನೇ ಎತ್ತುತ್ತಿದ್ದೆ. ಹಿಂದೆ ಅವಳು ಕಂಡಿಕೆ ಸುತ್ತುತ್ತಲೇ ಇರುತ್ತಿದ್ದಳು.